ಬೇಟೆಯ ರೈಫಲ್‌ಗೆ ಸ್ಕೋಪ್: ಅಗ್ಗದ್ದು ಸಾಕೇ, ನಡುಬೆಲೆಯದ್ದು ಬೇಕೇ?

“24 ಪಟ್ಟು ಜೂಮ್, 50 ಮಿಲಿಮೀಟರ್ ಗಾಜು, ಕತ್ತಲಲ್ಲೂ ಹಗಲಿನಂತೆ ಕಾಣುತ್ತದೆ, ಬೆಲೆ ಬರೀ 80 ಡಾಲರ್!” ಇಂಥ ಸಂದೇಶ ಅಮೆರಿಕದಲ್ಲಿರುವ ಗೆಳೆಯರ ಗುಂಪಿನಿಂದ ನಿಮಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: “ಸಾವಿರ ಡಾಲರ್ ಕೊಡಲಾಗದಿದ್ದರೆ ಸ್ಕೋಪ್ ಕೊಳ್ಳಲೇಬೇಡಿ, ಅಗ್ಗದ್ದೆಲ್ಲ ಆಟಿಕೆ.”

ಎರಡೂ ಮಾತು ತಪ್ಪು. ಹಾಗಾದರೆ ಅಗ್ಗದ ಸ್ಕೋಪಿಗೂ ನಡುಬೆಲೆಯ ಸ್ಕೋಪಿಗೂ ನಿಜವಾದ ವ್ಯತ್ಯಾಸ ಏನು? ಹೆಚ್ಚು ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆ? ಬನ್ನಿ, ಒಂದೊಂದಾಗಿ ನೋಡೋಣ.

ಮೊದಲು ಕಾನೂನಿನ ಮಾತು

ಈ ಲೇಖನ ಕಾನೂನುಬದ್ಧ ಬೇಟೆ ಇರುವ ಕಡೆಗೆ, ಮುಖ್ಯವಾಗಿ ಅಮೆರಿಕದ ಜಿಂಕೆ ಬೇಟೆಗೆ ಸಂಬಂಧಿಸಿದ್ದು. ಅಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಆಯಾ ರಾಜ್ಯವೇ ಪರವಾನಗಿ ಕೊಡುತ್ತದೆ, ದಿನಗಳನ್ನೂ ನಿಗದಿ ಮಾಡುತ್ತದೆ. ಉದಾಹರಣೆಗೆ, ವಿಸ್ಕಾನ್ಸಿನ್ ರಾಜ್ಯದಲ್ಲಿ ಬಂದೂಕಿನ ಮುಖ್ಯ ಋತು ನವೆಂಬರ್‌ನಲ್ಲಿ 9 ದಿನ.

ಭಾರತದಲ್ಲಿ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆ ಮುಂತಾದ ಪ್ರಾಣಿಗಳ ಬೇಟೆ ಅಪರಾಧ. ಮೊದಲನೇ ಅನುಸೂಚಿಯ ಪ್ರಾಣಿಯಾದರೆ 3ರಿಂದ 7 ವರ್ಷದವರೆಗೆ ಜೈಲು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇದೆ, ನಿಜ. ಆದರೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬೇಟೆಯ ಅನುಮತಿಯಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೂ ಎರಡು ಮಾತು. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಹೊಂದುವುದಕ್ಕೆ ಅಲ್ಲಿನ ಕೇಂದ್ರ ಕಾನೂನಿನ ನಿರ್ಬಂಧವಿದೆ. ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವುದು ಆ ನಿರ್ಬಂಧಕ್ಕಿರುವ ಮುಖ್ಯ ವಿನಾಯಿತಿಗಳಲ್ಲಿ ಒಂದು. ಹಾಗಾಗಿ ಸ್ಕೋಪಿನ ಬೆಲೆ ವಿಚಾರಿಸುವ ಮೊದಲು ನಿಮ್ಮ ವೀಸಾದ ನಿಯಮ ವಿಚಾರಿಸಿ. ಎರಡನೆಯದು, ರೈಫಲ್ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿರುವ ವಸ್ತು. “ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಒಂದು ಹಾಕಿಕೊಂಡು ಬಾ” ಎಂದು ಯಾರಾದರೂ ಕೇಳಿದರೆ, ಅನುಮತಿಯ ವಿಚಾರ ತಿಳಿಯದೆ ಒಪ್ಪಿಕೊಳ್ಳಬೇಡಿ.

ಸ್ಕೋಪ್ ಮಾಡುವ ಕೆಲಸ ಏನು?

ಸ್ಕೋಪ್ ಎಂದರೆ ರೈಫಲಿನ ಮೇಲೆ ಕೂರಿಸುವ ಸಣ್ಣ ದುರ್ಬೀನು. ಮುಂದಿನ ಮಸೂರ ಬೆಳಕನ್ನು ಒಳಗೆ ತರುತ್ತದೆ. ಆಗ ಚಿತ್ರ ತಲೆಕೆಳಗಾಗಿರುತ್ತದೆ. ಕೊಳವೆಯ ನಡುವೆ ಇರುವ ಇನ್ನಷ್ಟು ಮಸೂರಗಳು ಅದನ್ನು ನೇರ ಮಾಡುತ್ತವೆ. ಗುರಿ ಹಿಡಿಯಲು ಒಳಗೆ ಅಡ್ಡ-ಉದ್ದ ಗೆರೆಗಳಿರುತ್ತವೆ. ಇವನ್ನು ರೆಟಿಕಲ್ ಎನ್ನುತ್ತಾರೆ.

ಹೊರಗೆ ಎರಡು ತಿರುಗುಣಿಗಳಿವೆ. ಒಂದು ಗುರಿಯನ್ನು ಮೇಲೆ-ಕೆಳಗೆ ಸರಿಸಲು, ಇನ್ನೊಂದು ಎಡ-ಬಲಕ್ಕೆ ಸರಿಸಲು. ತಿರುಗಿಸಿದಾಗ ಒಳಗಿನ ಮಸೂರಗಳ ಸಣ್ಣ ಕೊಳವೆ ಕೂದಲೆಳೆಯಷ್ಟು ಅಲುಗುತ್ತದೆ. ಅದನ್ನು ಸ್ಪ್ರಿಂಗ್ ಒಂದು ಒತ್ತಿ ಹಿಡಿದಿರುತ್ತದೆ. ಗುಂಡು ಹೋಗಿ ಬೀಳುವ ಜಾಗಕ್ಕೂ ಗೆರೆಗಳು ಕೂಡುವ ಜಾಗಕ್ಕೂ ಹೊಂದಿಸುವ ಈ ಕೆಲಸಕ್ಕೆ ‘ಝೀರೋ ಮಾಡುವುದು’ ಎನ್ನುತ್ತಾರೆ.

ಇಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಿ. ಸ್ಕೋಪಿನ ಗಾಜು ಕಣ್ಣಿಗೆ ಕಾಣುತ್ತದೆ, ಅಂಗಡಿಯಲ್ಲೇ ನೋಡಿ ಹೋಲಿಸಬಹುದು. ಒಳಗಿನ ಸ್ಪ್ರಿಂಗು, ತಿರುಪು, ಕೊಳವೆ ಕಾಣುವುದಿಲ್ಲ. ಜಾಹೀರಾತು ಮಾತಾಡುವುದು ಕಾಣುವ ಭಾಗದ ಬಗ್ಗೆ. ಬೇಟೆಯಲ್ಲಿ ಕೈಕೊಡುವುದು ಹೆಚ್ಚಾಗಿ ಕಾಣದ ಭಾಗ.

ಅನುಕೂಲಕ್ಕಾಗಿ ಈ ಲೇಖನದಲ್ಲಿ 200 ಡಾಲರ್ ಒಳಗಿನದನ್ನು ಅಗ್ಗದ್ದು ಎಂದೂ, 300ರಿಂದ 600 ಡಾಲರ್‌ವರೆಗಿನದನ್ನು ನಡುಬೆಲೆಯದ್ದು ಎಂದೂ ಕರೆಯೋಣ.

ನಂಬಿಕೆ 1: ಹೆಚ್ಚು ಜೂಮ್ ಇದ್ದಷ್ಟೂ ಒಳ್ಳೆಯದು

ತಪ್ಪು. ಅಮೆರಿಕದ ಜಿಂಕೆ ಬೇಟೆಯಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಅಳತೆ 3-9x40. ಅಂದರೆ 3ರಿಂದ 9 ಪಟ್ಟು ಜೂಮ್, ಮುಂದಿನ ಮಸೂರದ ಅಗಲ 40 ಮಿಲಿಮೀಟರ್. ಜಿಂಕೆಯ ಹೃದಯ-ಶ್ವಾಸಕೋಶ ಇರುವ ಭಾಗ ಸುಮಾರು 20ರಿಂದ 25 ಸೆಂಟಿಮೀಟರ್ ಅಗಲ, ಒಂದು ಊಟದ ತಟ್ಟೆಯಷ್ಟು. 100-200 ಗಜ ದೂರದಲ್ಲಿ ಅಷ್ಟು ದೊಡ್ಡ ಗುರಿಗೆ 6 ಅಥವಾ 9 ಪಟ್ಟು ಧಾರಾಳ ಸಾಕು.

ಜೂಮ್ ಹೆಚ್ಚಿದಂತೆ ಮೂರು ತೊಂದರೆ ಜೊತೆಗೆ ಬರುತ್ತವೆ. ಕಾಣುವ ಜಾಗ ಕಿರಿದಾಗುತ್ತದೆ, ಹತ್ತಿರದಲ್ಲಿ ಪ್ರಾಣಿ ಕಾಣಿಸಿಕೊಂಡರೆ ಅದು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ. ಮೂರನೆಯದು, ಚಿತ್ರ ಮಂಕಾಗುತ್ತದೆ.

ಮಂಕಾಗುವುದೇಕೆ ಎಂಬುದಕ್ಕೆ ಸುಲಭದ ಲೆಕ್ಕವಿದೆ. ಮುಂದಿನ ಮಸೂರದ ಅಗಲವನ್ನು ಜೂಮ್ ಸಂಖ್ಯೆಯಿಂದ ಭಾಗಿಸಿ. ಬರುವ ಉತ್ತರವೇ ಸ್ಕೋಪಿನಿಂದ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ. 40 ಮಿಲಿಮೀಟರ್ ಸ್ಕೋಪ್ 9 ಪಟ್ಟಿನಲ್ಲಿ 4.4 ಮಿಲಿಮೀಟರ್ ವೃತ್ತ ಕೊಡುತ್ತದೆ. ಜಾಹೀರಾತಿನ 24 ಪಟ್ಟಿನ, 50 ಮಿಲಿಮೀಟರ್ ಸ್ಕೋಪ್ ಕೊಡುವುದು ಬರೀ 2.1 ಮಿಲಿಮೀಟರ್. ಸಂಜೆಯ ಮಬ್ಬಿನಲ್ಲಿ ನಮ್ಮ ಕಣ್ಣಿನ ಪಾಪೆ 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ತೆರೆದುಕೊಂಡು ಬೆಳಕಿಗಾಗಿ ಕಾಯುತ್ತಿರುತ್ತದೆ. ಅದರಲ್ಲಿ ಅರ್ಧದಷ್ಟು ಅಗಲವೂ ತುಂಬುವುದಿಲ್ಲ. “ಕತ್ತಲಲ್ಲೂ ಹಗಲಿನಂತೆ” ಎಂಬ ಮಾತು 24 ಪಟ್ಟಿನಲ್ಲಿ ನಿಜವಾಗಲು ಸಾಧ್ಯವೇ ಇಲ್ಲ.

ಇನ್ನೊಂದು ಮಾತು. ಒಂದೇ ಬೆಲೆಗೆ 3-9 ಪಟ್ಟಿನದ್ದೂ 6-24 ಪಟ್ಟಿನದ್ದೂ ಸಿಕ್ಕರೆ, ಎರಡನೆಯದರಲ್ಲಿ ಯಾವುದೋ ಭಾಗದಲ್ಲಿ ಖರ್ಚು ಉಳಿಸಿದ್ದಾರೆಂದೇ ತಿಳಿಯಿರಿ. ಜೂಮಿನ ಹರವು ಹೆಚ್ಚಿದಷ್ಟೂ ಒಳಗಿನ ಕೆಲಸ ಕಷ್ಟ. ಹಣ ಕಡಿಮೆ ಇದ್ದರೆ ಜೂಮ್ ಕಡಿಮೆ ಇರುವುದನ್ನೇ ಆರಿಸಿ.

ನಂಬಿಕೆ 2: ದೊಡ್ಡ ಗಾಜು, ದಪ್ಪ ಕೊಳವೆ ಇದ್ದರೆ ಹೆಚ್ಚು ಬೆಳಕು

ಅರ್ಧ ನಿಜ. 50 ಮಿಲಿಮೀಟರ್ ಮಸೂರಕ್ಕೆ 40 ಮಿಲಿಮೀಟರ್ ಮಸೂರಕ್ಕಿಂತ ಒಂದೂವರೆ ಪಟ್ಟು ಹೆಚ್ಚು ವಿಸ್ತಾರವಿದೆ. ಆದರೆ 6 ಪಟ್ಟಿನಲ್ಲಿ 40 ಮಿಲಿಮೀಟರಿನ ಸ್ಕೋಪೇ 6.7 ಮಿಲಿಮೀಟರ್ ವೃತ್ತ ಕೊಡುತ್ತದೆ. ಹರೆಯದಲ್ಲಿ ಪಾಪೆ ಸುಮಾರು 7 ಮಿಲಿಮೀಟರ್‌ವರೆಗೆ ತೆರೆದುಕೊಳ್ಳುತ್ತದೆ, ವಯಸ್ಸಾದಂತೆ ಅದು 5ರ ಆಸುಪಾಸಿಗೆ ಇಳಿಯುತ್ತದೆ. ಅದಕ್ಕಿಂತ ಅಗಲದ ಬೆಳಕು ಬಂದರೂ ಕಣ್ಣಿನೊಳಗೆ ಹೋಗುವುದಿಲ್ಲ. ಚೆಂಬು ತುಂಬಿದ ಮೇಲೆ ನಲ್ಲಿ ಎಷ್ಟು ಜೋರಾಗಿ ಬಿಟ್ಟರೇನು? ಮೇಲಾಗಿ ದೊಡ್ಡ ಗಾಜಿನ ಸ್ಕೋಪನ್ನು ಎತ್ತರದಲ್ಲಿ ಕೂರಿಸಬೇಕು, ಆಗ ಕೆನ್ನೆ ರೈಫಲಿನ ಹಿಡಿಯ ಮೇಲೆ ಸರಿಯಾಗಿ ಕೂರುವುದಿಲ್ಲ.

ಕೊಳವೆಯ ದಪ್ಪದ ಮಾತಂತೂ ಪೂರ್ತಿ ತಪ್ಪು. ಒಂದು ಇಂಚಿನ ಕೊಳವೆಗಿಂತ 30 ಮಿಲಿಮೀಟರ್ ಕೊಳವೆಯಲ್ಲಿ ಗುರಿ ಹೊಂದಿಸಲು ಜಾಗ ಹೆಚ್ಚು ಸಿಗುತ್ತದೆ, ಬೆಳಕಲ್ಲ.

ಬೆಳಕನ್ನು ನಿಜವಾಗಿ ಉಳಿಸುವುದು ಗಾಜಿನ ಮೇಲಿನ ಲೇಪನ. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯಲ್ಲೂ ಸುಮಾರು 4 ಶೇಕಡ ಬೆಳಕು ಪ್ರತಿಫಲಿಸಿ ಹಾಳಾಗುತ್ತದೆ. ಇಂಥ 10 ಮೇಲ್ಮೈ ದಾಟುವಷ್ಟರಲ್ಲಿ ಉಳಿಯುವುದು ಸುಮಾರು 66 ಶೇಕಡ. ಒಳ್ಳೆಯ ಬಹುಪದರ ಲೇಪನದಿಂದ ಈ ನಷ್ಟವನ್ನು ಪ್ರತಿ ಮೇಲ್ಮೈಗೆ ಅರ್ಧ ಶೇಕಡಕ್ಕೆ ಇಳಿಸಿದರೆ 95 ಶೇಕಡ ಉಳಿಯುತ್ತದೆ. ಹಾಗಾಗಿ ಡಬ್ಬಿಯ ಮೇಲೆ ‘ಫುಲ್ಲಿ ಮಲ್ಟಿ-ಕೋಟೆಡ್’ ಎಂದಿದೆಯೇ ನೋಡಿ. ಎಲ್ಲ ಮಸೂರಗಳಿಗೂ ಬಹುಪದರ ಲೇಪನವಿದೆ ಎಂದು ಅದರ ಅರ್ಥ. ಬರೀ ‘ಕೋಟೆಡ್’ ಎಂದಿದ್ದರೆ ಯಾವುದೋ ಒಂದು ಮೇಲ್ಮೈಗೆ ಒಂದು ಪದರ ಬಳಿದಿರಬಹುದು ಅಷ್ಟೇ.

ಇದಕ್ಕೆ ಇಷ್ಟು ಮಹತ್ವ ಯಾಕೆ? ಅಮೆರಿಕದ ಅನೇಕ ರಾಜ್ಯಗಳಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಜಿಂಕೆ ಬೇಟೆಗೆ ಅವಕಾಶ. ಜಿಂಕೆ ಹೆಚ್ಚು ಓಡಾಡುವುದೂ ಅದೇ ಮಬ್ಬು ಹೊತ್ತಿನಲ್ಲಿ. ನಡುಬೆಲೆಯ ಸ್ಕೋಪ್ ಕೊಡುವ ಮೊದಲ ಲಾಭ ಇದೇ: ಸಂಜೆಯ ಕೊನೆಯ ಕೆಲವು ನಿಮಿಷಗಳಲ್ಲಿ ನೋಟ ಇನ್ನೂ ಸ್ಪಷ್ಟವಾಗಿರುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಡಿಯ ಮುಂದೆ ನಿಂತು ನೋಡಿದರೆ ಎರಡೂ ಒಂದೇ ಥರ ಕಾಣಬಹುದು.

ನಂಬಿಕೆ 3: ಸ್ಕೋಪ್ ಒಳ್ಳೆಯದಿದ್ದರೆ ಗುರಿ ತಪ್ಪುವುದಿಲ್ಲ

ಸ್ಕೋಪ್ ಗುಂಡನ್ನು ಎಲ್ಲಿಗೂ ಕರೆದೊಯ್ಯುವುದಿಲ್ಲ. ರೈಫಲ್, ಮದ್ದುಗುಂಡು, ಬಳಸುವವರ ಅಭ್ಯಾಸ, ಇವು ಮೂರೂ ಎಷ್ಟು ನಿಖರವೋ ಅಷ್ಟೇ ನಿಖರತೆ. ಸ್ಕೋಪಿನ ಕೆಲಸ, ಒಮ್ಮೆ ಹೊಂದಿಸಿದ ಗುರಿಯನ್ನು ಅಲ್ಲೇ ಹಿಡಿದಿಡುವುದು. ನಮ್ಮ ಪ್ರಕಾರ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ: ಇದು ಝೀರೋ ಹಿಡಿದಿಡುತ್ತದೆಯೇ?

ಪ್ರತಿ ಗುಂಡಿಗೂ ರೈಫಲ್ ಹಿಂದಕ್ಕೆ ಒದೆಯುತ್ತದೆ. ಆ ಒದೆತವೆಲ್ಲ ಸ್ಕೋಪಿನ ಒಳಗಿನ ಸ್ಪ್ರಿಂಗಿಗೂ ತಗಲುತ್ತದೆ. ಅದರ ಮೇಲೆ ಚಳಿ, ಜೀಪಿನ ಕುಲುಕಾಟ, ಮರಕ್ಕೆ ತಾಗುವ ಏಟು. ಇಷ್ಟರಲ್ಲಿ ಒಳಗಿನ ಭಾಗ ಒಂದಿಷ್ಟು ಸರಿದರೂ ಹೊರಗೆ ಏನೂ ಗೊತ್ತಾಗುವುದಿಲ್ಲ.

ಲೆಕ್ಕ ಹಾಕೋಣ. ಸ್ಕೋಪ್ ಜಗತ್ತಿನಲ್ಲಿ ‘ಎಂಒಎ’ ಎಂಬ ಅಳತೆಯಿದೆ. ಅದು ಒಂದು ಡಿಗ್ರಿಯ 60ನೇ ಒಂದು ಭಾಗ. 100 ಗಜದಲ್ಲಿ ಅದು ಸುಮಾರು ಒಂದು ಇಂಚು, 200 ಗಜದಲ್ಲಿ ಎರಡು ಇಂಚು. ನಿಮ್ಮ ಸ್ಕೋಪ್ ತಿಳಿಯದಂತೆ 3 ಎಂಒಎ ಸರಿದಿದೆ ಎಂದುಕೊಳ್ಳಿ. 200 ಗಜದಲ್ಲಿ ಗುಂಡು 6 ಇಂಚು, ಅಂದರೆ ಸುಮಾರು 15 ಸೆಂಟಿಮೀಟರ್ ಆಚೆ ಬೀಳುತ್ತದೆ. ತಟ್ಟೆಯ ನಡುವಿಗೆ ಇಟ್ಟ ಗುರಿ ತಟ್ಟೆಯಿಂದಲೇ ಹೊರಗೆ. ಗುಂಡು ಹೊಟ್ಟೆಗೋ ಕಾಲಿಗೋ ತಗಲುತ್ತದೆ. ಜಿಂಕೆ ಸಾಯುವುದಿಲ್ಲ, ಗಾಯಗೊಂಡು ಓಡುತ್ತದೆ. ಕತ್ತಲಲ್ಲಿ ರಕ್ತದ ಜಾಡು ಹಿಡಿದು ಹುಡುಕಿದರೂ ಸಿಗದೆ, ಎಲ್ಲೋ ಪೊದೆಯಲ್ಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. 100 ಡಾಲರ್ ಉಳಿಸಿದ್ದರ ಬೆಲೆಯನ್ನು ಕೊಡುವುದು ಕೊಂಡವರಲ್ಲ, ಆ ಪ್ರಾಣಿ.

ನಡುಬೆಲೆಯ ಸ್ಕೋಪಿನ ಎರಡನೇ ಲಾಭ ಇದು: ಒಳಗಿನ ಯಂತ್ರಭಾಗಗಳು ಗಟ್ಟಿಮುಟ್ಟಾಗಿರುವ ಸಾಧ್ಯತೆ ಹೆಚ್ಚು. ‘ಸಾಧ್ಯತೆ’ ಎಂದೇ ಹೇಳುತ್ತಿದ್ದೇವೆ. ಸರಳವಾದ ಅಗ್ಗದ ಸ್ಕೋಪ್ ವರ್ಷಗಟ್ಟಲೆ ಅಲುಗದೆ ನಿಲ್ಲುವುದೂ ಉಂಟು, ದುಬಾರಿಯದ್ದು ಕೈಕೊಡುವುದೂ ಉಂಟು.

ಒಂದು ಮುಖ್ಯ ಎಚ್ಚರಿಕೆ. “ಸ್ಕೋಪ್ ಕೆಟ್ಟಿದೆ” ಎಂದು ಬೈಯುವ ಮೊದಲು ಅದನ್ನು ಹಿಡಿದಿರುವ ಉಂಗುರಗಳನ್ನೂ ತಿರುಪುಗಳನ್ನೂ ನೋಡಿ. ಎಷ್ಟೋ ಬಾರಿ ಸಡಿಲವಾಗಿರುವುದು ಅವು. 400 ಡಾಲರ್ ಸ್ಕೋಪಿಗೆ 10 ಡಾಲರ್ ಉಂಗುರ ಹಾಕುವುದೆಂದರೆ ತೇಗದ ಬಾಗಿಲಿಗೆ ದಾರದ ಚಿಲಕ ಕಟ್ಟಿದ ಹಾಗೆ.

ನಂಬಿಕೆ 4: ಸೌಲಭ್ಯ ಹೆಚ್ಚಿದ್ದರೆ ಸ್ಕೋಪ್ ಉತ್ತಮ

ಬೆಳಗುವ ಗೆರೆಗಳು, ಹತ್ತಾರು ಗುರುತುಗಳ ರೆಟಿಕಲ್, ಪಕ್ಕದಲ್ಲಿ ಪ್ಯಾರಲಾಕ್ಸ್ ತಿರುಗುಣಿ. ಅಗ್ಗದ ಸ್ಕೋಪಿನ ಜಾಹೀರಾತಿನಲ್ಲಿ ಇವೆಲ್ಲ ಇರುತ್ತವೆ. ಬೇಟೆಗೆ ಬೇಕೇ?

ಪ್ಯಾರಲಾಕ್ಸನ್ನೇ ನೋಡೋಣ. ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತು ಸ್ಪೀಡೋಮೀಟರ್ ನೋಡಿದರೆ ಮುಳ್ಳು ಬೇರೆ ಅಂಕಿಯ ಮೇಲಿದ್ದಂತೆ ಕಾಣುತ್ತದಲ್ಲ, ಅದೇ ಇದು. ಕಣ್ಣು ನಡುವಿನಿಂದ ಸರಿದರೆ ಗೆರೆ ಗುರಿಯ ಮೇಲೆ ಸರಿದಂತೆ ಕಾಣುತ್ತದೆ. ಸಾಮಾನ್ಯ ಬೇಟೆ ಸ್ಕೋಪುಗಳನ್ನು 100 ಗಜದಲ್ಲಿ ಈ ದೋಷ ಇರದಂತೆ ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ. 40 ಮಿಲಿಮೀಟರ್ ಸ್ಕೋಪಿನಲ್ಲಿ 200 ಗಜಕ್ಕೆ ಬರಬಹುದಾದ ಅತಿ ಹೆಚ್ಚಿನ ತಪ್ಪು ಸುಮಾರು 2 ಸೆಂಟಿಮೀಟರ್, ಅದೂ ಕಣ್ಣು ಪೂರ್ತಿ ಅಂಚಿಗೆ ಸರಿದರೆ. 20 ಸೆಂಟಿಮೀಟರ್ ಗುರಿಗೆ ಅದು ಲೆಕ್ಕಕ್ಕೇ ಇಲ್ಲ. ದೂರದ ಗುರಿಗೆ ಸ್ಪರ್ಧೆಯಲ್ಲಿ ಹೊಡೆಯುವವರಿಗೆ ಆ ತಿರುಗುಣಿ ಬೇಕು, 150 ಗಜದ ಜಿಂಕೆಗೆ ಬೇಡ.

‘ಜೀವಮಾನದ ವಾರಂಟಿ’ಯೂ ಇಂಥದ್ದೇ. ಒಳ್ಳೆಯ ಸೌಲಭ್ಯ, ಅನುಮಾನವಿಲ್ಲ. ಆದರೆ ವಾರಂಟಿ ಎಂದರೆ ಕೆಟ್ಟರೆ ಬದಲಿ ಕೊಡುತ್ತೇವೆ ಎಂಬ ಮಾತು, ಕೆಡುವುದಿಲ್ಲ ಎಂಬ ಮಾತಲ್ಲ. ಕಾಡಿನಲ್ಲಿ ಕೆಟ್ಟ ಸ್ಕೋಪಿಗೆ ಅಂಚೆಯಲ್ಲಿ ಬರುವ ಬದಲಿ ಆ ದಿನ ಉಪಯೋಗಕ್ಕೆ ಬರುವುದಿಲ್ಲ.

ಬಿಡಬಾರದ ಸೌಲಭ್ಯ ಒಂದಿದೆ: ಒಳಗೆ ಮಂಜು ಕಟ್ಟದಿರುವುದು. ಚಳಿಯಿಂದ ಬೆಚ್ಚಗಿನ ಜಾಗಕ್ಕೆ ಬಂದಾಗ ಕನ್ನಡಕಕ್ಕೆ ಹಬೆ ಹಿಡಿಯುತ್ತದಲ್ಲ? ಕೊಳವೆಯೊಳಗೆ ತೇವದ ಗಾಳಿ ಇದ್ದರೆ ಹೀಗೆಯೇ ಒಳಗೂ ಮಂಜು ಕಟ್ಟುತ್ತದೆ, ಅದನ್ನು ಒರೆಸಲು ಬರುವುದಿಲ್ಲ. ಅದಕ್ಕಾಗಿ ಒಣ ಸಾರಜನಕ ತುಂಬಿ ಮುಚ್ಚುತ್ತಾರೆ. ಮಂಜು ಕಟ್ಟಿದ ಸ್ಕೋಪಿನಿಂದ ಗುರಿ ತಪ್ಪಿ ಸಿಟ್ಟಿಗೆದ್ದು ಮಾರ್ಕಸ್ ಲ್ಯೂಪೋಲ್ಡ್ ತಾವೇ ಸ್ಕೋಪ್ ಮಾಡಲು ಹೊರಟರು ಎಂದು ಅಮೆರಿಕದ ಒರೆಗಾನ್ ರಾಜ್ಯದ ಲ್ಯೂಪೋಲ್ಡ್ ಕಂಪನಿ ಹೇಳಿಕೊಳ್ಳುತ್ತದೆ. ಅವರ ಮೊದಲ ಸ್ಕೋಪ್ ಬಂದದ್ದು 1947ರಲ್ಲಿ. ಈಗ ಈ ಸೌಲಭ್ಯ ಅಗ್ಗದ ಸ್ಕೋಪುಗಳಲ್ಲೂ ಸಿಗುತ್ತದೆ, ಕೇಳಿ ತಗೊಳ್ಳಿ.

ಹುಬ್ಬಿಗೆ ಬೀಳುವ ಏಟು

ಸ್ಕೋಪಿನ ಹಿಂದಿನ ಗಾಜಿನಿಂದ ಕಣ್ಣು ಎಷ್ಟು ದೂರದಲ್ಲಿದ್ದರೆ ಪೂರ್ತಿ ಚಿತ್ರ ಕಾಣುತ್ತದೋ ಆ ಅಂತರಕ್ಕೆ ‘ಐ ರಿಲೀಫ್’ ಎನ್ನುತ್ತಾರೆ. ಬೇಟೆ ಸ್ಕೋಪುಗಳಲ್ಲಿ ಇದು ಸಾಮಾನ್ಯವಾಗಿ 3ರಿಂದ 4 ಇಂಚು. ಇದು ಕಡಿಮೆಯಾದರೆ ಕಣ್ಣನ್ನು ಹತ್ತಿರ ತರಬೇಕು. ರೈಫಲ್ ಒದ್ದಾಗ ಸ್ಕೋಪಿನ ಅಂಚು ಹುಬ್ಬಿಗೆ ಬಡಿದು ಅರ್ಧಚಂದ್ರದಂತೆ ಸೀಳುತ್ತದೆ. ಜೋರು ಒದೆಯುವ ರೈಫಲ್ ಇದ್ದವರು ಈ ಅಂಕಿಯನ್ನು ಜೂಮಿಗಿಂತ ಮೊದಲು ನೋಡಬೇಕು. ಅತಿ ಹೆಚ್ಚಿನ ಜೂಮಿನಲ್ಲಿ ಎಷ್ಟು ಅಂತರ ಉಳಿಯುತ್ತದೆ ಎಂಬುದನ್ನೇ ಕೇಳಿ. ನಡುಬೆಲೆಯ ಸ್ಕೋಪಿನ ಮೂರನೇ ಲಾಭ ಇಲ್ಲಿದೆ: ತಲೆ ತುಸು ಅತ್ತಿತ್ತ ಆದರೂ ಚಿತ್ರ ಕಪ್ಪಾಗುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

• ದಟ್ಟ ಕಾಡು, 100 ಗಜದೊಳಗಿನ ಗುರಿ, ವರ್ಷಕ್ಕೆ ನಾಲ್ಕೈದು ದಿನದ ಬೇಟೆ: ಹೆಸರಿರುವ ಕಂಪನಿಯ ಸರಳ 3-9x40 ಅಥವಾ 2-7 ಪಟ್ಟಿನ ಅಗ್ಗದ ಸ್ಕೋಪ್ ಸಾಕು. ಉಳಿದ ಹಣದಲ್ಲಿ ಒಳ್ಳೆಯ ಉಂಗುರ ಮತ್ತು ಅಭ್ಯಾಸಕ್ಕೆ ಗುಂಡು ಕೊಳ್ಳಿ.
• ಬೆಳಗಿನ ಜಾವ, ಮುಸ್ಸಂಜೆಯಲ್ಲೇ ಹೆಚ್ಚು ಕೂರುವವರು, ಬಯಲಿನಲ್ಲಿ 200 ಗಜ ಮೀರಿ ಹೊಡೆಯುವವರು: ನಡುಬೆಲೆಯದ್ದಕ್ಕೆ ಕೊಟ್ಟ ಹಣ ವ್ಯರ್ಥವಲ್ಲ.
• ಜೋರು ಒದೆಯುವ ರೈಫಲ್ ಇರುವವರು: ನಡುಬೆಲೆಯದ್ದೇ ತಗೊಳ್ಳಿ.
• 100 ಡಾಲರಿಗೂ ಕಡಿಮೆ ಬೆಲೆಗೆ 24 ಪಟ್ಟು ಜೂಮ್, ಬೆಳಗುವ ಗೆರೆ, ಲೇಸರ್ ಎಲ್ಲ ಸಿಗುತ್ತಿದೆಯೇ: ಯಾರೂ ತಗೊಳ್ಳಬೇಡಿ.

ಕೊಂಡ ಮೇಲೆ ಪರೀಕ್ಷೆ

ಬೆಲೆ ಎಷ್ಟೇ ಇರಲಿ, ಋತು ಶುರುವಾಗುವ ಮೊದಲು ಅಧಿಕೃತ ಶೂಟಿಂಗ್ ರೇಂಜಿನಲ್ಲಿ ಇಷ್ಟು ಮಾಡಿ.

1. ಝೀರೋ ಮಾಡಿದ ಮೇಲೆ ತಿರುಗುಣಿಯನ್ನು ಮೇಲಕ್ಕೆ 20 ಕ್ಲಿಕ್, ಬಲಕ್ಕೆ 20, ಕೆಳಕ್ಕೆ 20, ಎಡಕ್ಕೆ 20 ತಿರುಗಿಸುತ್ತ ಪ್ರತಿ ಮೂಲೆಯಲ್ಲೂ ಗುಂಡು ಹೊಡೆಯಿರಿ. ಕಾಲು ಎಂಒಎ ಕ್ಲಿಕ್ ಆದರೆ 100 ಗಜದಲ್ಲಿ ಸುಮಾರು 13 ಸೆಂಟಿಮೀಟರಿನ ಚೌಕ ಮೂಡಬೇಕು. ಕೊನೆಯ ಗುಂಡು ಮೊದಲಿನ ಜಾಗಕ್ಕೇ ಮರಳಬೇಕು.
2. ಕಡಿಮೆ ಜೂಮಿನಲ್ಲೂ ಹೆಚ್ಚು ಜೂಮಿನಲ್ಲೂ ಹೊಡೆದು ನೋಡಿ. ಗುಂಡು ಬೀಳುವ ಜಾಗ ಬದಲಾಗಬಾರದು.
3. ವಾರ ಬಿಟ್ಟು, ಗಾಡಿಯಲ್ಲಿ ಓಡಾಡಿಸಿ, ಮತ್ತೆ ಹೊಡೆದು ನೋಡಿ.
4. ಮುಸ್ಸಂಜೆಯಲ್ಲಿ ಅದೇ ರೇಂಜಿನಲ್ಲಿ ಗುರಿಹಲಗೆಯನ್ನು ನೋಡಿ. ಎಷ್ಟು ಹೊತ್ತಿನವರೆಗೆ ಗೆರೆ ಸ್ಪಷ್ಟವಾಗಿ ಕಾಣುತ್ತದೋ ಅದೇ ನಿಮ್ಮ ಮಿತಿ. ಕಾನೂನಿನ ಸಮಯ ಇನ್ನೂ ಉಳಿದಿದ್ದರೂ ಆ ಮಿತಿ ದಾಟಿ ಹೊಡೆಯಬೇಡಿ.

ಇವುಗಳಲ್ಲಿ ಒಂದರಲ್ಲಿ ಸೋತರೂ ಸ್ಕೋಪನ್ನು ಹಿಂದಿರುಗಿಸಿ. ಪಾಸಾದ 150 ಡಾಲರಿನದ್ದು ಫೇಲಾದ 500 ಡಾಲರಿನದ್ದಕ್ಕಿಂತ ಮೇಲು.

ಇದು ಮರೆಯಲೇಬಾರದು

ಸ್ಕೋಪ್ ಹುಡುಕಾಟದ ಸಾಧನವಲ್ಲ. “ಪೊದೆಯಲ್ಲಿ ಏನೋ ಅಲುಗಿತು, ಸ್ಕೋಪಿನಲ್ಲಿ ನೋಡೋಣ” ಎಂದು ರೈಫಲ್ ಎತ್ತಿದರೆ, ಅಲ್ಲಿರುವುದು ಇನ್ನೊಬ್ಬ ಮನುಷ್ಯನಾದರೆ ತುಂಬಿದ ಬಂದೂಕನ್ನು ಅವನ ಎದೆಗೆ ಹಿಡಿದಂತಾಯಿತು. ನೋಡಲು ಬೈನಾಕ್ಯುಲರ್, ಏನೆಂದು ಖಚಿತವಾದ ಮೇಲೆ ಮಾತ್ರ ಸ್ಕೋಪ್. ಹಾಗಾಗಿ ಹಣ ಬಹಳ ಕಡಿಮೆ ಇದ್ದರೆ ನಮ್ಮ ಸಲಹೆ: ಸರಳ ಸ್ಕೋಪ್ ಒಂದು, ಸಾಧಾರಣ ಬೈನಾಕ್ಯುಲರ್ ಒಂದು.

ಬೇಟೆಗೂ ನಿಮಗೂ ಸಂಬಂಧವೇ ಇಲ್ಲದಿದ್ದರೂ ಮೇಲಿನ ಲೆಕ್ಕ ಕೆಲಸಕ್ಕೆ ಬರುತ್ತದೆ. ರಂಗನತಿಟ್ಟಿನಲ್ಲಿ ಹಕ್ಕಿ ನೋಡಲು ಬೈನಾಕ್ಯುಲರ್ ಕೊಳ್ಳುವಾಗಲೂ ಮುಂದಿನ ಗಾಜಿನ ಅಗಲವನ್ನು ಜೂಮಿನಿಂದ ಭಾಗಿಸಿ. 8x42ಕ್ಕೆ 5 ಮಿಲಿಮೀಟರಿಗೂ ಹೆಚ್ಚು ಬರುತ್ತದೆ, ಮುಂಜಾನೆಗೂ ಸಾಕು. “100 ಪಟ್ಟು ಜೂಮ್, 999 ರೂಪಾಯಿ” ಎಂಬ ಸಂದೇಶ ಬಂದರೆ ಅದೇ ಭಾಗಾಕಾರ ಮಾಡಿ ನೋಡಿ. ಉತ್ತರ ಒಂದು ಮಿಲಿಮೀಟರಿಗಿಂತ ಕಡಿಮೆ ಬಂದರೆ ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.